ಪ್ಲಾಸ್ಟಿಕ್ ಫೌಂಟನ್ ಪೆನ್ನು ಮತ್ತು ಆಲ್ಕೋಹಾಲ್

ಫೌಂಟನ್ ಪೆನ್ನಿನ ಕೊಳವೆ, ಮುಚ್ಚಳ, ಬೆರಳು ಹಿಡಿಯುವ ಭಾಗ ಮತ್ತು ಒಳಗಿನ ಬಿಡಿಭಾಗಗಳಿಗೆ ಎಥನಾಲ್, ಐಸೊಪ್ರೊಪೈಲ್ ಆಲ್ಕೋಹಾಲ್, ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್ ಮುಂತಾದ ದ್ರವಗಳು ತಾಗಿದಾಗ ಏನಾಗುತ್ತದೆ ಎಂಬುದು ಇಲ್ಲಿನ ವಿಷಯ. ಪೆನ್ನು ಬಳಸುವವರಲ್ಲಿ ಈ ಬಗ್ಗೆ ಎರಡು ಪಂಗಡಗಳಿವೆ. ಸ್ಪಿರಿಟ್ ಸೋಕಿದರೆ ಪೆನ್ನು ಕೆಟ್ಟಿತೆಂದೇ ಲೆಕ್ಕ ಎನ್ನುವವರು ಕೆಲವರು. ವರ್ಷಗಟ್ಟಲೆ ಸ್ಪಿರಿಟ್‌ನಲ್ಲೇ ಒರೆಸುತ್ತಿದ್ದೇನೆ, ಏನೂ ಆಗಿಲ್ಲ ಎನ್ನುವವರು ಕೆಲವರು. ಇಬ್ಬರೂ ಕಂಡದ್ದನ್ನೇ ಹೇಳುತ್ತಾರೆ. ಪೆನ್ನಿನ ಪ್ಲಾಸ್ಟಿಕ್ ಒಂದೇ ವಸ್ತುವಲ್ಲ, ಆಲ್ಕೋಹಾಲ್ ಒಂದೇ ದ್ರವವೂ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಇಂದಿನ ಪೆನ್ನುಗಳಿಗೆ ಆಲ್ಕೋಹಾಲ್ ಮಾಡುವ ಕೆಡುಕು ಬಹುಪಾಲು ಕರಗಿಸುವ ರೂಪದ್ದಲ್ಲ. ಪ್ಲಾಸ್ಟಿಕ್‌ನ ಮೈಯಲ್ಲಿ ಮೊದಲೇ ಅಡಗಿದ್ದ ಬಿಗಿತವನ್ನು ಅದು ಬಿರುಕಾಗಿ ಹೊರಗೆಡಹುತ್ತದೆ. ಈ ಬಿರುಕು ಒರೆಸಿದ ದಿನವೇ ಕಾಣಬೇಕೆಂದಿಲ್ಲ. ಹಾಗಾಗಿ ಒಮ್ಮೆ ಒರೆಸಿ ನೋಡಿ ಕೊಡುವ ತೀರ್ಪು, ಅದು ಯಾವ ಕಡೆಯದೇ ಆಗಲಿ, ನೆಚ್ಚುವಂಥದ್ದಲ್ಲ.

ಕರಗುವುದು ಯಾವಾಗ

ಪ್ಲಾಸ್ಟಿಕ್ ಎಂದರೆ ಬಹಳ ಉದ್ದದ ಅಣುಸರಪಳಿಗಳು ಬೇಯಿಸಿದ ಶಾವಿಗೆಯಂತೆ ಒಂದಕ್ಕೊಂದು ಸಿಕ್ಕಿಕೊಂಡ ರಾಶಿ. ದ್ರವದ ಅಣುಗಳು ಈ ಎಳೆಗಳ ನಡುವೆ ನುಸುಳಿ ಅವನ್ನು ಒಂದೊಂದಾಗಿ ಬಿಡಿಸಿಬಿಟ್ಟರೆ ಅದು ಕರಗುವಿಕೆ. ನುಸುಳಿಯೂ ಬಿಡಿಸಲಾಗದೆ ಹೋದರೆ ಪ್ಲಾಸ್ಟಿಕ್ ಉಬ್ಬಿ ಮೆತ್ತಗಾಗುತ್ತದೆ. ಎರಡೂ ವಸ್ತುಗಳ ಅಣುಗಳು ತಮ್ಮತಮ್ಮಲ್ಲಿ ಎಷ್ಟು ಬಲವಾಗಿ ಹಿಡಿದುಕೊಂಡಿವೆ ಎಂಬುದು ಹತ್ತಿರಹತ್ತಿರ ಸಮನಾಗಿದ್ದರೆ ಮಾತ್ರ ಅವು ಸುಲಭವಾಗಿ ಬೆರೆಯುತ್ತವೆ. ಅಮೆರಿಕದ ರಸಾಯನವಿಜ್ಞಾನಿ ಜೋಯೆಲ್ ಹಿಲ್ಡೆಬ್ರಾಂಡ್ 1936ರಲ್ಲಿ ಈ ಹಿಡಿತಕ್ಕೆ ಒಂದು ಅಂಕಿಯ ರೂಪ ಕೊಟ್ಟರು. ವಿಲೀನತೆಯ ಮಾನಾಂಕ ಎಂದು ಅದನ್ನು ಕರೆಯಬಹುದು. ಇಂದಿನ ಮಾನದಲ್ಲಿ ಅಕ್ರಿಲಿಕ್‌ಗೆ ಇದು ಸುಮಾರು 19, ಪಾಲಿಸ್ಟೈರೀನ್‌ಗೆ ಸುಮಾರು 18.5, ಪಾಲಿಕಾರ್ಬನೇಟ್‌ಗೆ ಸುಮಾರು 20. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್‌ನ ಅಂಕಿ ಕೂಡ 20ರ ಆಸುಪಾಸು. ಅಸಿಟೋನ್ ಬಿದ್ದ ಪೆನ್ನು ನೋಡನೋಡುತ್ತಲೇ ಅಂಟಂಟಾಗುವುದು ಇದರಿಂದಲೇ. ಐಸೊಪ್ರೊಪೈಲ್ ಆಲ್ಕೋಹಾಲ್‌ನದು ಸುಮಾರು 23.5, ಎಥನಾಲ್‌ನದು 26, ಮೆಥನಾಲ್‌ನದು 29.5, ನೀರಿನದು 48. ಈ ಪ್ಲಾಸ್ಟಿಕ್‌ಗಳಿಂದ ಆಲ್ಕೋಹಾಲ್‌ಗಳು ದೂರದಲ್ಲೇ ಇವೆ. ತಣ್ಣಗಿನ ಶುದ್ಧ ಎಥನಾಲ್‌ನಲ್ಲಿ ಅಕ್ರಿಲಿಕ್ ಪೆನ್ನು ಸಕ್ಕರೆಯಂತೆ ಕರಗಿಹೋಗುವುದಿಲ್ಲ ಎಂಬುದಕ್ಕೆ ಇಷ್ಟೇ ಕಾರಣ.

ಆದರೆ ಅಂಕಿಯನ್ನೇ ನಂಬಿ ಕೂತರೆ ಒಂದು ಕಡೆ ಮೋಸಹೋಗುತ್ತೇವೆ. ನೀರು ಅಕ್ರಿಲಿಕ್‌ನ ಹತ್ತಿರಕ್ಕೂ ಬರುವುದಿಲ್ಲ, ಆಲ್ಕೋಹಾಲ್ ಒಂದನ್ನೇ ಹಾಕಿದರೂ ಪರಿಣಾಮ ಕಡಿಮೆ. ಹಾಗಾದರೆ ಆಲ್ಕೋಹಾಲ್‌ಗೆ ನೀರು ಬೆರೆಸಿದರೆ ಇನ್ನಷ್ಟು ಸೌಮ್ಯವಾಗಬೇಕಲ್ಲವೇ? ಆಗುವುದು ಇದರ ವಿರುದ್ಧ. ಎರಡೂ ಸೇರಿದಾಗ ಅಕ್ರಿಲಿಕ್ ಮೇಲಿನ ಅವುಗಳ ಶಕ್ತಿ ಹೆಚ್ಚುತ್ತದೆ. ಎಲೆಕ್ಟ್ರಾನ್ ಕಿರಣದಿಂದ ಸೂಕ್ಷ್ಮ ವಿನ್ಯಾಸ ಬರೆಯುವ ಅರೆವಾಹಕ ಪ್ರಯೋಗಾಲಯಗಳು ಈ ಗುಣವನ್ನೇ ಕೆಲಸಕ್ಕೆ ಬಳಸಿಕೊಂಡಿವೆ: ತೆಳುವಾದ ಅಕ್ರಿಲಿಕ್ ಪದರದ ಮೇಲೆ ಕಿರಣ ಬಿದ್ದು ಸರಪಳಿಗಳು ತುಂಡಾದ ಜಾಗವನ್ನು ತೊಳೆದು ತೆಗೆಯಲು 7 ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ 3 ಪಾಲು ನೀರು ಸೇರಿಸಿದ ಮಿಶ್ರಣ ಅಲ್ಲಿ ಬಳಕೆಯಲ್ಲಿದೆ. ಪೆನ್ನಿನ ಅಕ್ರಿಲಿಕ್‌ನ ಸರಪಳಿಗಳು ತುಂಡಾಗದೆ ಉದ್ದವಾಗಿಯೇ ಇರುವುದರಿಂದ ಅದು ಹಾಗೆ ತೊಳೆದುಹೋಗದು, ಉಬ್ಬಬಹುದು. ಔಷಧಿ ಅಂಗಡಿಯ 70 ಪ್ರತಿಶತ ಆಲ್ಕೋಹಾಲ್ ಶುದ್ಧ ಆಲ್ಕೋಹಾಲ್‌ಗಿಂತ ಮೆದುವಾದದ್ದು ಎಂಬ ಊಹೆ ಚರ್ಮದ ಮಟ್ಟಿಗೆ ಸರಿಯಿರಬಹುದು, ಅಕ್ರಿಲಿಕ್ ಮಟ್ಟಿಗೆ ಸರಿಯಲ್ಲ.

ಆಲ್ಕೋಹಾಲ್ ಕುಟುಂಬದಲ್ಲೂ ಎಲ್ಲರ ಸ್ವಭಾವ ಒಂದೇ ಅಲ್ಲ. ಮೆಥನಾಲ್‌ನ ಅಣು ಚಿಕ್ಕದು, ಹಾಗಾಗಿ ಬೇಗ ಒಳಹೊಗುತ್ತದೆ. ಗಟ್ಟಿ ಅಕ್ರಿಲಿಕ್‌ನೊಳಗೆ ಅದು ಹರಡುವ ರೀತಿ ಪಾಲಿಮರ್ ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಮಾದರಿ ಉದಾಹರಣೆಯಾಗಿದೆ. ಒಂದು ಸ್ಪಷ್ಟವಾದ ಗಡಿರೇಖೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಒಳಗೆ ಸರಿಯುತ್ತದೆ. ಗಡಿಯ ಈಚೆ ಉಬ್ಬಿ ಮೆತ್ತಗಾದ ಪ್ಲಾಸ್ಟಿಕ್, ಆಚೆ ಇನ್ನೂ ಮುಟ್ಟಿಸಿಕೊಳ್ಳದ ಗಾಜಿನಂಥ ಪ್ಲಾಸ್ಟಿಕ್. ಬಾಲ್ ಪೆನ್ನಿನ ಮಸಿಯಲ್ಲಿ ಬಳಸುವ ಬೆಂಜೈಲ್ ಆಲ್ಕೋಹಾಲ್ ಹೆಸರಿಗೆ ಆಲ್ಕೋಹಾಲ್ ಆದರೂ ನಡತೆಯಲ್ಲಿ ಥಿನ್ನರ್‌ಗೆ ಹತ್ತಿರ, ಹಲವು ಪ್ಲಾಸ್ಟಿಕ್‌ಗಳನ್ನು ನೇರವಾಗಿ ಮೆತ್ತಗೆ ಮಾಡುತ್ತದೆ. ಇನ್ನೊಂದು ತುದಿಯಲ್ಲಿ ಗ್ಲಿಸರಿನ್, ಗ್ಲೈಕಾಲ್‌ಗಳಿವೆ. ರಸಾಯನಶಾಸ್ತ್ರದ ಪ್ರಕಾರ ಇವೂ ಆಲ್ಕೋಹಾಲ್‌ಗಳೇ. ನಿಬ್ಬು ಒಣಗದಿರಲಿ ಎಂದು ಫೌಂಟನ್ ಪೆನ್ನಿನ ಮಸಿಗೇ ಇವನ್ನು ಸೇರಿಸುತ್ತಾರೆ, ಪೆನ್ನಿಗೆ ಏನೂ ಆಗುವುದಿಲ್ಲ.

ಬಿರುಕು ಹುಟ್ಟುವ ಬಗೆ

ಅಕ್ರಿಲಿಕ್, ಪಾಲಿಸ್ಟೈರೀನ್, ಎಬಿಎಸ್, ಪಾಲಿಕಾರ್ಬನೇಟ್ ಇವುಗಳ ಅಣುಸರಪಳಿಗಳು ಕ್ರಮಬದ್ಧವಾಗಿ ಜೋಡಿಸಿಕೊಳ್ಳದೆ ಅಡ್ಡಾದಿಡ್ಡಿಯಾಗಿ ಹೆಪ್ಪುಗಟ್ಟಿರುತ್ತವೆ. ಇಂಥ ಪ್ಲಾಸ್ಟಿಕ್‌ಗಳು ಪಾರದರ್ಶಕವಾಗಿಯೋ ಹೊಳಪಾಗಿಯೋ ಇರುತ್ತವೆ, ಪೆನ್ನಿಗೆ ಚೆಂದ ಕೊಡುತ್ತವೆ. ಅವುಗಳ ದೌರ್ಬಲ್ಯವೂ ಈ ರಚನೆಯಲ್ಲೇ ಇದೆ. ಎಳೆತಕ್ಕೆ ಒಳಗಾದ ಜಾಗಕ್ಕೆ ಆಲ್ಕೋಹಾಲ್ ತಾಗಿದಾಗ ಅದು ಇಡೀ ಮೈಗೆ ಹರಡಬೇಕಾಗಿಲ್ಲ. ಎಳೆತ ಹೆಚ್ಚಿರುವ ಸೂಕ್ಷ್ಮ ಬಿಂದುವಿನಲ್ಲಿ ಸರಪಳಿಗಳ ನಡುವಿನ ಹಿಡಿತವನ್ನು ಅಷ್ಟಿಷ್ಟು ಸಡಿಲಿಸಿದರೆ ಸಾಕು. ಅಲ್ಲಿ ಪ್ಲಾಸ್ಟಿಕ್ ಹಿಗ್ಗಿ ನಡುವೆ ನಡುವೆ ಟೊಳ್ಳುಗಳಿರುವ ಅತಿ ಸಣ್ಣ ನಾರುಗಳಾಗುತ್ತದೆ. ಇದು ಇನ್ನೂ ಬಿರುಕಲ್ಲ. ಎರಡು ದಡಗಳನ್ನೂ ನಾರುಗಳು ಹಿಡಿದುಕೊಂಡಿರುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದಾಗ ಬೆಳ್ಳಗೆ ಮಿಂಚುವ ಗೆರೆಗಳಾಗಿ ಕಾಣುವುದು ಈ ಘಟ್ಟ. ಎಳೆತ ಮುಂದುವರಿದರೆ ನಾರುಗಳು ಒಂದೊಂದಾಗಿ ಕಡಿದು ನಿಜವಾದ ಬಿರುಕು ಬಾಯಿಬಿಡುತ್ತದೆ. ಎಂಜಿನಿಯರುಗಳು ಇದನ್ನು ಪರಿಸರಜನ್ಯ ಒತ್ತಡ ಬಿರುಕು ಎನ್ನುತ್ತಾರೆ. ಎಳೆತವೊಂದೇ ಇದ್ದಿದ್ದರೆ ಪೆನ್ನು ಹಲವು ವರ್ಷ ಬಾಳುತ್ತಿತ್ತು, ಆಲ್ಕೋಹಾಲ್ ಒಂದೇ ತಾಗಿದ್ದರೂ ಏನೂ ಆಗುತ್ತಿರಲಿಲ್ಲ. ಎರಡೂ ಕೂಡಿದಾಗಲೇ ಕೇಡು.

ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಪೆನ್ನಿನಲ್ಲಿ ಎಳೆತ ಎಲ್ಲಿಂದ ಬಂತು? ಹಲವು ಕಡೆಯಿಂದ ಬರುತ್ತದೆ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ಎರಕ ಹೊಯ್ಯುವಾಗ ಹೊರಮೈ ಮೊದಲು ತಣಿಯುತ್ತದೆ, ಒಳಗಿನದು ಆಮೇಲೆ ತಣಿದು ಕುಗ್ಗುತ್ತದೆ. ಈ ಜಗ್ಗಾಟ ಗಟ್ಟಿಯಾದ ಮೈಯಲ್ಲೇ ಉಳಿದುಬಿಡುತ್ತದೆ. ಕ್ಲಿಪ್ಪಿನ ತೂತಿನ ಸುತ್ತ ಎರಡು ಕಡೆಯಿಂದ ಹರಿದು ಬಂದ ಪ್ಲಾಸ್ಟಿಕ್ ಕೂಡುವ ಗೆರೆ ಸ್ವಭಾವತಃ ದುರ್ಬಲ. ಲೋಹದ ಉಂಗುರವನ್ನೋ ತಿರುಪಿನ ಸುರುಳಿಯನ್ನೋ ಪ್ಲಾಸ್ಟಿಕ್ ಕೊಳವೆಯೊಳಗೆ ಒತ್ತಿ ಕೂರಿಸಿದ್ದರೆ ಆ ಕೊಳವೆ ಸದಾ ಬಿಗಿದುಕೊಂಡೇ ಇರುತ್ತದೆ. ಸರಳಿನಿಂದ ಕಡೆದು ಮಾಡಿದ ಪೆನ್ನಿನಲ್ಲಿ ಕಡೆಯುವ ಉಳಿಯ ಶಾಖ ಮೇಲ್ಮೈಯಲ್ಲಿ ಬಿಗಿತ ಬಿಡುತ್ತದೆ. ಒಳ್ಳೆಯ ತಯಾರಕರು ಕಡೆದ ಅಕ್ರಿಲಿಕ್ಕನ್ನು 80 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕೆಲವು ಗಂಟೆ ಬಿಸಿಯಲ್ಲಿಟ್ಟು ನಿಧಾನವಾಗಿ ತಣಿಸಿ ಈ ಬಿಗಿತ ಇಳಿಸುತ್ತಾರೆ. ಕೊನೆಯದಾಗಿ, ಬಳಸುವವರ ಕೈ. ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿ ಮುಚ್ಚುವ ಅಭ್ಯಾಸವೊಂದೇ ಮುಚ್ಚಳದ ಬಾಯಂಚಿಗೆ ಸಾಕಷ್ಟು ಎಳೆತ ತರುತ್ತದೆ. ಪೆನ್ನುಗಳಲ್ಲಿ ಕೂದಲೆಳೆಯ ಬಿರುಕು ಹೆಚ್ಚಾಗಿ ಕಾಣುವುದು ಈ ಜಾಗಗಳಲ್ಲೇ: ಮುಚ್ಚಳದ ಬಾಯಿ, ಕ್ಲಿಪ್ಪಿನ ಬುಡ, ತಿರುಪಿನ ಕೊನೆಯ ಸುತ್ತು, ಲೋಹ ಮತ್ತು ಪ್ಲಾಸ್ಟಿಕ್ ಕೂಡುವ ಕಡೆ.

ಪಾರದರ್ಶಕ ಪೆನ್ನು ಇರುವವರು ಈ ಬಿಗಿತವನ್ನು ಮನೆಯಲ್ಲೇ ನೋಡಬಹುದು. ಲ್ಯಾಪ್‌ಟಾಪ್ ಪರದೆಯ ಮೇಲೆ ಖಾಲಿ ಬಿಳಿ ಪುಟ ತೆರೆದು, ಅದರ ಮುಂದೆ ಪೆನ್ನು ಹಿಡಿದು, ಧ್ರುವೀಕೃತ ಗಾಜಿನ ತಂಪು ಕನ್ನಡಕದ ಮೂಲಕ ನೋಡುತ್ತ ಕನ್ನಡಕವನ್ನು ತಿರುಗಿಸಬೇಕು. ಪರದೆ ಕಪ್ಪಾಗುವ ಕೋನದಲ್ಲಿ ಪೆನ್ನಿನೊಳಗೆ ಬಣ್ಣದ ಪಟ್ಟೆಗಳು ಏಳುತ್ತವೆ. ಪಟ್ಟೆಗಳು ಒತ್ತೊತ್ತಾಗಿ ಬಂದ ಕಡೆ ಬಿಗಿತ ಹೆಚ್ಚೆಂದು ಸಾಮಾನ್ಯವಾಗಿ ಹೇಳಬಹುದು. ಕಾರ್ಖಾನೆಗಳಲ್ಲಿ ಇದಕ್ಕೆ ಇನ್ನೊಂದು ಒರಟು ದಾರಿಯೂ ಇದೆ. ಪಾಲಿಕಾರ್ಬನೇಟ್ ಬಿಡಿಭಾಗಗಳನ್ನು ಟಾಲುಈನ್ ಮತ್ತು ಪ್ರೊಪನಾಲ್ ಬೆರೆಸಿದ ದ್ರವದಲ್ಲಿ ಅದ್ದಿ, ಟಾಲುಈನ್ ಎಷ್ಟು ಸೇರಿಸಿದಾಗ ಬಿರುಕು ಏಳುತ್ತದೆ ಎಂಬುದರಿಂದ ಒಳಗಿನ ಎಳೆತ ಅಳೆಯುತ್ತಾರೆ. ಅಲ್ಲಿ ಬಿರುಕು ತರುವ ಕೆಲಸ ಟಾಲುಈನ್‌ನದು. ಪ್ರೊಪನಾಲ್ ಅದನ್ನು ತೆಳುಮಾಡುವ ನಿರಪಾಯ ದ್ರವ ಮಾತ್ರ. ಅದೇ ಆಲ್ಕೋಹಾಲ್ ಅಕ್ರಿಲಿಕ್ ಎದುರು ಅಷ್ಟು ನಿರಪಾಯವಲ್ಲ.

ಅಕ್ರಿಲಿಕ್ ವಿಷಯದಲ್ಲಿ ಈ ಎಚ್ಚರಿಕೆ ಪೆನ್ನಿನ ಲೋಕದಲ್ಲಿ ಹುಟ್ಟಿದ್ದಲ್ಲ. ವಿಮಾನದ ಕಿಟಕಿ, ಮೀನಿನ ತೊಟ್ಟಿ, ನವಜಾತ ಶಿಶುಗಳ ಇನ್‌ಕ್ಯುಬೇಟರ್‌ನ ಮುಚ್ಚಳ ಇವುಗಳಲ್ಲಿ ಹಲವು ಅಕ್ರಿಲಿಕ್‌ನವು. ಇವನ್ನು ಆಲ್ಕೋಹಾಲ್‌ನಿಂದ ಒರೆಸಬಾರದೆಂದು ತಯಾರಕರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅಷ್ಟು ದಪ್ಪದ ಹಾಳೆಯೇ ಗೆರೆಬೀಳುವಾಗ ಒಂದು ಮಿಲಿಮೀಟರ್ ಚಿಲ್ಲರೆ ದಪ್ಪದ ಪೆನ್ನಿನ ಮುಚ್ಚಳಕ್ಕೆ ವಿನಾಯಿತಿ ಕೊಡಲು ಕಾರಣ ಕಾಣುವುದಿಲ್ಲ.

ಎಬೊನೈಟ್‌ನಿಂದ ಪಾಲಿಕಾರ್ಬನೇಟ್‌ವರೆಗೆ

ಮೊದಮೊದಲ ಫೌಂಟನ್ ಪೆನ್ನುಗಳು ಗಟ್ಟಿ ರಬ್ಬರಿನವು. ರಬ್ಬರಿಗೆ ಮೂರರಲ್ಲೊಂದು ಪಾಲಿನಷ್ಟು ಗಂಧಕ ಸೇರಿಸಿ ಬೇಯಿಸಿದರೆ ಸಿಗುವ ಎಬೊನೈಟ್‌ಗೆ ನೆಲ್ಸನ್ ಗುಡ್‌ಇಯರ್ 1851ರಲ್ಲಿ ಪೇಟೆಂಟ್ ಪಡೆದ. ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಪೆನ್ನಿನಿಂದ ಹಿಡಿದು ಮುಂದಿನ ನಾಲ್ಕು ದಶಕ ಈ ವಸ್ತುವಿನದೇ ಆಳ್ವಿಕೆ. ಎಬೊನೈಟ್‌ನ ಸರಪಳಿಗಳನ್ನು ಗಂಧಕ ಒಂದಕ್ಕೊಂದು ಕಟ್ಟಿಹಾಕಿರುವುದರಿಂದ ಆಲ್ಕೋಹಾಲ್ ಅದನ್ನು ಬಿಡಿಸಲಾರದು. ಹಳೆಯ ಕಪ್ಪು ಪೆನ್ನು ಕಂದುಬಣ್ಣಕ್ಕೆ ತಿರುಗಿದ್ದರೆ ತಪ್ಪು ಬೆಳಕು ಮತ್ತು ತೇವದ್ದು, ಸ್ಪಿರಿಟ್‌ನದಲ್ಲ. ಆಂಧ್ರದ ರಾಜಮಹೇಂದ್ರಿಯ ರತ್ನಂ ಪೆನ್ನುಗಳಿಂದ ಮೊದಲ್ಗೊಂಡು ದಕ್ಷಿಣ ಭಾರತದ ಕೈಕೆಲಸದ ಪೆನ್ನುಗಳಲ್ಲಿ ಎಬೊನೈಟ್ ಇಂದಿಗೂ ಉಳಿದುಕೊಂಡಿದೆ. ಈ ಲೇಖನದ ಮಟ್ಟಿಗೆ ಅತಿ ನಿಶ್ಚಿಂತೆಯ ಪೆನ್ನುಗಳು ಇವೇ.

1924ರಲ್ಲಿ ಶೆಫರ್ ಕಂಪನಿ ರೇಡೈಟ್ ಎಂಬ ಹೆಸರಿನಲ್ಲಿ ಸೆಲ್ಯುಲಾಯ್ಡ್ ಪೆನ್ನು ತಂದಿತು. ಪಾರ್ಕರ್ 1926ರಲ್ಲಿ ಡ್ಯುಯೊಫೋಲ್ಡ್ ಪೆನ್ನನ್ನು ಪರ್ಮನೈಟ್ ಎಂಬ ತನ್ನ ಸೆಲ್ಯುಲಾಯ್ಡ್‌ಗೆ ಬದಲಾಯಿಸಿತು. ಅಲ್ಲಿಯವರೆಗೆ ಕಪ್ಪು ಇಲ್ಲವೇ ಕೆಂಪು ಮಾತ್ರ ಕಂಡಿದ್ದ ಪೆನ್ನಿಗೆ ಹಸಿರು, ನೀಲಿ, ಮುತ್ತಿನ ಹೊಳಪು ಎಲ್ಲ ಬಂದವು. ಆಲ್ಕೋಹಾಲ್‌ಗೆ ನಿಜವಾಗಿ ಅಂಜಬೇಕಾದ ಪೆನ್ನುಗಳೂ ಇವೇ, ಇದರ ಕಾರಣ ತಯಾರಿಕೆಯಲ್ಲೇ ಇದೆ. ಸೆಲ್ಯುಲಾಯ್ಡ್ ಎಂದರೆ ಸುಮಾರು 11 ಪ್ರತಿಶತ ನೈಟ್ರೋಜನ್ ಇರುವ ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಸೇರಿಸಿ ನಾದಿದ ಹಿಟ್ಟು. ಎರಡನ್ನೂ ಬೆಸೆಯಲು ನಾದುವಾಗ ಹಾಕುತ್ತಿದ್ದ ದ್ರವ ಆಲ್ಕೋಹಾಲೇ. ಕರ್ಪೂರ ಆಲ್ಕೋಹಾಲ್‌ನಲ್ಲಿ ಸರಾಗವಾಗಿ ಕರಗುತ್ತದೆ, ಕರ್ಪೂರ ಕರಗಿದ ಆಲ್ಕೋಹಾಲ್ ನೈಟ್ರೋಸೆಲ್ಯುಲೋಸ್ಸನ್ನು ಮೆತ್ತಗೆ ಮಾಡುತ್ತದೆ. ನಾದಿ, ಒತ್ತಿ, ಹಲಗೆಗಳಾಗಿ ಸೀಳಿದ ಮೇಲೆ ಒಳಗುಳಿದ ಆಲ್ಕೋಹಾಲ್ ಹೊರಬರಲು ತಿಂಗಳುಗಟ್ಟಲೆ ಒಣಗಿಸಬೇಕಿತ್ತು. ಸರಿಯಾಗಿ ಒಣಗದ ಸರಳಿನಿಂದ ಮಾಡಿದ ಪೆನ್ನು ಅಂಗಡಿಗೆ ಬಂದ ಮೇಲೂ ಕುಗ್ಗಿ ಸೊಟ್ಟಗಾಗುತ್ತಿತ್ತು. ಇಂಥ ಪೆನ್ನನ್ನು ಮತ್ತೆ ಸ್ಪಿರಿಟ್‌ನಲ್ಲಿ ನೆನೆಹಾಕುವುದೆಂದರೆ ತಯಾರಿಕೆಯನ್ನು ಹಿಂದುಮುಂದಾಗಿ ನಡೆಸಿದ ಹಾಗೆ: ಮೈ ಮೆತ್ತಗಾಗುತ್ತದೆ, ಕರ್ಪೂರ ಹೊರಬರುತ್ತದೆ, ಒಣಗಿದ ಮೇಲೆ ಹೊಳಪು ಹೋಗಿ ಕುಗ್ಗುತ್ತದೆ. ಹಳೆಯ ಪೆನ್ನಿನ ಮುಚ್ಚಳವನ್ನು ಬೆರಳಿನಿಂದ ತಿಕ್ಕಿ ಮೂಸಿದಾಗ ಪೂಜೆಯ ಕೋಣೆಯ ವಾಸನೆ ಬಂದರೆ ಅದರ ಹತ್ತಿರ ಸ್ಪಿರಿಟ್ ತರಬಾರದು.

ಇದೇ ಕಾಲದ ಇನ್ನೆರಡು ವಸ್ತುಗಳು. ಜರ್ಮನಿಯಲ್ಲಿ 1897ರಲ್ಲಿ ರೂಪುಗೊಂಡ, ಹಾಲಿನ ಕೇಸಿನ್ನನ್ನು ಫಾರ್ಮಾಲ್ಡಿಹೈಡ್‌ನಲ್ಲಿ ಗಟ್ಟಿಮಾಡಿದ ಗ್ಯಾಲಲಿತ್ ಮಾದರಿಯ ಪ್ಲಾಸ್ಟಿಕ್ಕನ್ನು ಇಂಗ್ಲೆಂಡಿನ ಕಾನ್ವೇ ಸ್ಟೂವರ್ಟ್ ಮುಂತಾದವರು ಬಳಸಿದರು. ಇದರ ಮುಖ್ಯ ವೈರಿ ಆಲ್ಕೋಹಾಲ್ ಅಲ್ಲ, ನೀರು. ರಾತ್ರಿಯಿಡೀ ನೀರಿನಲ್ಲಿ ಬಿಟ್ಟರೆ ಉಬ್ಬಿ ಸೀಳುತ್ತದೆ. ಸೆಲ್ಯುಲೋಸ್ ಅಸಿಟೇಟ್ ಬೆಂಕಿಗೆ ಹೆದರದ ಸೆಲ್ಯುಲಾಯ್ಡ್ ಎಂದು ಬಂದದ್ದು, ಇಟಲಿಯ ಹಲವು ಪೆನ್ನುಗಳಲ್ಲಿ ಈಗಲೂ ಇದೆ. ಮೆದುಗೊಳಿಸಲು ಅದರಲ್ಲಿ ಬೆರೆಸಿರುವ ಥ್ಯಾಲೇಟ್‌ಗಳು ಆಲ್ಕೋಹಾಲ್‌ನಲ್ಲಿ ಕರಗಿ ಹೊರಬರುತ್ತವೆ. ಇದೇ ಅಸಿಟೇಟ್‌ನಿಂದ ಮಾಡಿದ ಕನ್ನಡಕದ ಫ್ರೇಮು ಸ್ಯಾನಿಟೈಸರ್ ತಾಗಿ ಬೆಳ್ಳಗೆ ಮಂಕಾದದ್ದನ್ನು ಕಂಡವರಿದ್ದಾರೆ. ಪೆನ್ನಿಗೂ ಅದೇ ಗತಿ.

ಅಕ್ರಿಲಿಕ್ ಪೆನ್ನಿಗೆ ಬಂದ ಕತೆಯಲ್ಲಿ ಮಸಿಯೇ ನಾಯಕ. ಬರೆದ ಕೂಡಲೇ ಒಣಗುವ ಮಸಿಯ ಬೆನ್ನುಹತ್ತಿದ ಪಾರ್ಕರ್ ಕಂಪನಿ ತೀವ್ರ ಕ್ಷಾರಗುಣದ ಒಂದು ಮಸಿ ತಯಾರಿಸಿತು. ಅದು ಕಾಗದದೊಳಗೆ ಬೇಗ ಇಳಿಯುತ್ತಿತ್ತು, ಜೊತೆಗೆ ಸೆಲ್ಯುಲಾಯ್ಡ್ ಪೆನ್ನುಗಳನ್ನೂ ಕೆಡಿಸುತ್ತಿತ್ತು. ಅದನ್ನು ತಡೆದುಕೊಳ್ಳುವ ಮೈ ಬೇಕೆಂದು 1941ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಪಾರ್ಕರ್ 51ಕ್ಕೆ ಡ್ಯುಪಾಂಟ್‌ನ ಲ್ಯುಸೈಟ್ ಎಂಬ ಅಕ್ರಿಲಿಕ್ ಆಯ್ದರು. ಈ ಮಸಿಯನ್ನು 51 ಪೆನ್ನಿಗೆ ಮಾತ್ರ ಬಳಸಿರಿ ಎಂಬ ಎಚ್ಚರಿಕೆ ಬಾಟಲಿಯ ಮೇಲೆಯೇ ಇರುತ್ತಿತ್ತು. ಆ ಲ್ಯುಸೈಟ್ ಪೆನ್ನುಗಳು ಎಂಬತ್ತು ವರ್ಷ ದಾಟಿಯೂ ಬರೆಯುತ್ತಿವೆ. ಕ್ಷಾರವನ್ನು ಜೀರ್ಣಿಸಿಕೊಂಡ ಅದೇ ಅಕ್ರಿಲಿಕ್ ಆಲ್ಕೋಹಾಲ್ ಎದುರು ಗೆರೆಬೀಳುವುದು ವಿಚಿತ್ರವೆನಿಸಬಹುದು. ಒಂದು ವಸ್ತು ಗಟ್ಟಿ ಎಂದರೆ ಯಾವುದರ ಎದುರು ಗಟ್ಟಿ ಎಂದು ಕೇಳಿಕೊಳ್ಳಬೇಕು.

ಪಾಲಿಕಾರ್ಬನೇಟ್‌ನದು ಇದಕ್ಕೆ ತಿರುವುಮುರುವು. 1966ರ ಲಾಮಿ 2000 ಪೆನ್ನಿನ ಮೈ ಗಾಜಿನ ನಾರು ಬೆರೆಸಿದ ಮ್ಯಾಕ್ರೊಲಾನ್ ಎಂಬ ಪಾಲಿಕಾರ್ಬನೇಟ್; ಇಂದಿನ ಎಷ್ಟೋ ಪಾರದರ್ಶಕ ಪೆನ್ನುಗಳೂ ಇದರವೇ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸುವುದನ್ನು ಪಾಲಿಕಾರ್ಬನೇಟ್ ಹಾಳೆ ತಯಾರಿಸುವವರೇ ಒಪ್ಪುತ್ತಾರೆ. ಆದರೆ ಮೆಥನಾಲ್ ಇದಕ್ಕೆ ಆಗಿಬರದು, ಅಮೋನಿಯದಂಥ ಕ್ಷಾರ ಇದರ ಸರಪಳಿಯನ್ನೇ ಕಡಿಯುತ್ತದೆ. ಪೆನ್ನು ತೊಳೆಯಲು ಅಮೋನಿಯ ದ್ರಾವಣವೇ ಸುರಕ್ಷಿತ, ಆಲ್ಕೋಹಾಲ್ ಅಪಾಯ ಎಂದು ಎಲ್ಲ ಪೆನ್ನಿಗೂ ಒಂದೇ ಮಾತು ಹೇಳುವವರು ಇದನ್ನು ಮರೆಯುತ್ತಾರೆ. 1980ರ ಲಾಮಿ ಸಫಾರಿಯಂಥ ಎಬಿಎಸ್ ಪೆನ್ನುಗಳು ನಡುವಿನ ವರ್ಗದವು. ಒಮ್ಮೆ ಒರೆಸಿದರೆ ಏನೂ ಆಗದು, ಬಿಗಿದ ಜಾಗವನ್ನು ಗಂಟೆಗಟ್ಟಲೆ ನೆನೆಹಾಕಿದರೆ ಆಗಬಹುದು. ಅಗ್ಗದ ಪೆನ್ನುಗಳ ಪಾಲಿಸ್ಟೈರೀನ್ ಸ್ವಭಾವತಃ ಪೆಡಸು, ಆಲ್ಕೋಹಾಲ್ ಇಲ್ಲದೆಯೂ ಸೀಳುತ್ತದೆ; ಇದ್ದರೆ ಬೇಗ ಸೀಳುತ್ತದೆ. ಮಸಿಯ ಕಾರ್ಟ್‌ರಿಜ್‌ಗಳಲ್ಲಿ ಬಳಸುವ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಆಲ್ಕೋಹಾಲ್‌ಗೆ ಸೊಪ್ಪು ಹಾಕುವುದಿಲ್ಲ. ಸ್ಯಾನಿಟೈಸರ್‌ನ ಹಲವು ಬಾಟಲಿಗಳು ಇಂಥ ಪ್ಲಾಸ್ಟಿಕ್‌ಗಳವೇ.

ಅರಗು

ಪ್ಲಾಸ್ಟಿಕ್ ಉಳಿದರೂ ಪೆನ್ನು ಕೆಡುವ ಇನ್ನೊಂದು ದಾರಿಯಿದೆ. ಹಳೆಯ ಪೆನ್ನುಗಳಲ್ಲಿ ಮಸಿ ತುಂಬುವ ರಬ್ಬರ್ ಚೀಲವನ್ನು ಕಟ್ಟಲು, ನಿಬ್ಬಿನ ಭಾಗವನ್ನು ಕೊಳವೆಗೆ ಕೂರಿಸಿ ಮಸಿ ಸೋರದಂತೆ ಮಾಡಲು ಬಳಸುತ್ತಿದ್ದ ಅಂಟು ಷೆಲ್ಯಾಕ್, ಅಂದರೆ ಶುದ್ಧಮಾಡಿದ ಅರಗು. ಪಾರ್ಕರ್ 51ರ ಮುಂಭಾಗವನ್ನೂ ಇದರಿಂದಲೇ ಬಿಗಿಯುತ್ತಿದ್ದರು. ಅರಗು ನೀರಿಗೆ ಜಗ್ಗುವುದಿಲ್ಲ, ಬಿಸಿಗೆ ಸಡಿಲವಾಗುತ್ತದೆ, ಆಲ್ಕೋಹಾಲ್‌ನಲ್ಲಿ ಪೂರ್ತಿ ಕರಗುತ್ತದೆ. ಬಡಗಿಗಳು ಚಕ್ಕೆಯರಗನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ ಮರಕ್ಕೆ ಪಾಲಿಶ್ ಹಚ್ಚುವುದು ಈ ಗುಣದಿಂದಲೇ. ಮರದ ತುಂಡು ತಿರುಗುತ್ತಿರುವಾಗ ಬಣ್ಣದ ಅರಗನ್ನು ಒತ್ತಿ, ಉಜ್ಜಾಟದ ಬಿಸಿಗೆ ಕರಗಿಸಿ ಬಳಿಯುವ ಚನ್ನಪಟ್ಟಣದ ಆಟಿಕೆಗಳಿಗೂ ಸ್ಪಿರಿಟ್ ಆಗದು. ಸ್ಪಿರಿಟ್‌ನಲ್ಲಿ ನೆನೆದ ಹಳೆಯ ಪೆನ್ನು ಹೊರಗೆ ಹೊಸದರಂತೆ ಕಂಡು ಒಳಗೆ ಅಂಟು ಬಿಟ್ಟಿರುತ್ತದೆ; ಮುಂದಿನ ಸಲ ಮಸಿ ತುಂಬಿದಾಗ ಜೇಬು ನೀಲಿ. ರಿಪೇರಿ ಮಾಡುವವರಿಗೆ ಇದೇ ಗುಣ ಅನುಕೂಲ. ಹಳೆಯ ಚೀಲದ ಕೆಳಗೆ ಗಟ್ಟಿಕಟ್ಟಿದ ಅರಗನ್ನು ಹತ್ತಿಯ ತುದಿಯಲ್ಲಿ ಸ್ವಲ್ಪ ಸ್ಪಿರಿಟ್ ತೆಗೆದು ಬಿಡಿಸುತ್ತಾರೆ, ಸುತ್ತಲಿನ ಪ್ಲಾಸ್ಟಿಕ್‌ಗೆ ತಾಗದಂತೆ.

ಜಪಾನಿನ ಚಿತ್ತಾರದ ಪೆನ್ನುಗಳ ಮೇಲಿನ ಉರುಷಿ ಮೆರುಗನ್ನು ಅರಗಿನೊಂದಿಗೆ ಸೇರಿಸಿ ನೋಡಬಾರದು. ಅದು ಅರಗಿನಂತೆ ಕೀಟದ್ದಲ್ಲ, ಒಂದು ಮರದ ರಸ. ತೇವದ ಗಾಳಿಯಲ್ಲಿ ಕಿಣ್ವದ ನೆರವಿನಿಂದ ಗಟ್ಟಿಯಾಗಿ ಸರಪಳಿಗಳು ಪರಸ್ಪರ ಬೆಸೆದುಕೊಂಡ ಮೇಲೆ ಆಲ್ಕೋಹಾಲ್ ಅದನ್ನು ಕರಗಿಸಲಾರದು. ಹಾಗೆಂದು ಲಕ್ಷಗಟ್ಟಲೆ ಬೆಲೆಯ ಪೆನ್ನನ್ನು ಸ್ಪಿರಿಟ್‌ನಲ್ಲಿ ಒರೆಸಿ ಪರೀಕ್ಷಿಸುವ ಅಗತ್ಯವೇನೂ ಇಲ್ಲ. ಪ್ಲಾಸ್ಟಿಕ್ ಪೆನ್ನಿನ ಮೇಲೆ ಅಚ್ಚುಹಾಕಿದ ಹೆಸರು, ಚಿನ್ನದ ಬಣ್ಣದ ಅಕ್ಷರ, ಕ್ಲಿಪ್ಪಿನ ಮೇಲಿನ ರಕ್ಷಣಾಲೇಪ ಮಾತ್ರ ಒಂದೇ ಒರೆಸಿಗೆ ಹೋಗಬಹುದು.

ಮಸಿ ಮತ್ತು ಸ್ಯಾನಿಟೈಸರ್

ಫೌಂಟನ್ ಪೆನ್ನಿನ ಮಸಿ ನೀರಿನದು. ಪೆನ್ನಿನೊಳಗೆ ಆಲ್ಕೋಹಾಲ್ ಹೋಗಬೇಕಾದ ಸಂದರ್ಭವೇ ಅಪರೂಪ ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಒಣಗಿ ಕಟ್ಟಿದ ಬಣ್ಣ ಕೂಡ ಬಹುಪಾಲು ನೀರಿನಲ್ಲೇ ಬಿಡುತ್ತದೆ. ಆಲ್ಕೋಹಾಲ್ ಮೂಲದ ಮಸಿಗಳು ಬೇರೆಯೇ ವರ್ಗ: ಅಳಿಸಲಾಗದ ಮಾರ್ಕರ್‌ನ ಮಸಿ, ಕಲಾವಿದರ ಆಲ್ಕೋಹಾಲ್ ಬಣ್ಣ. ಮತದಾನದ ದಿನ ಬೆರಳಿಗೆ ಹಚ್ಚುವ ಮೈಸೂರಿನ ಶಾಯಿಯೂ ಈ ಸಾಲಿಗೆ ಹತ್ತಿರ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದು ಶುರುವಾದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಇದನ್ನು ಒದಗಿಸುತ್ತಿದೆ. ಅದರಲ್ಲಿ ಗುರುತು ಉಳಿಸುವುದು ಸಿಲ್ವರ್ ನೈಟ್ರೇಟ್, ಬೇಗ ಒಣಗಿಸುವುದು ಆಲ್ಕೋಹಾಲ್. ಕುತೂಹಲಕ್ಕೆ ಇಂಥದ್ದನ್ನು ಪೆನ್ನಿಗೆ ತುಂಬುವವರಿಗೆ ಮೊದಲು ಕೈಕೊಡುವುದು ಪ್ಲಾಸ್ಟಿಕ್ ಅಲ್ಲ, ನಿಬ್ಬು. ಮಸಿ ಅಲ್ಲೇ ಒಣಗಿ ಕೂರುತ್ತದೆ.

2020ರ ಕೋವಿಡ್ ಕಾಲದಲ್ಲಿ ಈ ಪ್ರಶ್ನೆಗೆ ಹೊಸ ಜೀವ ಬಂತು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಕೈತೊಳೆ ದ್ರವದ ಒಂದು ಸೂತ್ರದಲ್ಲಿ 80 ಪ್ರತಿಶತ ಎಥನಾಲ್, ಇನ್ನೊಂದರಲ್ಲಿ 75 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್, ಎರಡರಲ್ಲೂ 1.45 ಪ್ರತಿಶತ ಗ್ಲಿಸರಿನ್, 0.125 ಪ್ರತಿಶತ ಹೈಡ್ರೋಜನ್ ಪೆರಾಕ್ಸೈಡ್, ಉಳಿದದ್ದು ನೀರು. ಅಕ್ರಿಲಿಕ್‌ಗೆ ಅಷ್ಟಾಗಿ ಹಿಡಿಸದ ನೀರು–ಆಲ್ಕೋಹಾಲ್ ಪ್ರಮಾಣ ಇದೇ. ಕೈಗೆ ಹಚ್ಚಿ ಪೂರ್ತಿ ಆರುವ ಮೊದಲೇ ಪೆನ್ನು ಹಿಡಿದು ರುಜು ಹಾಕುವುದು ಬ್ಯಾಂಕು, ಕಚೇರಿ, ಆಸ್ಪತ್ರೆಗಳಲ್ಲಿ ದಿನಕ್ಕೆ ಹತ್ತಾರು ಸಲ ನಡೆಯಿತು. ಕೈಯಿಂದ ದಾಟಿದ ತೆಳುಪಸೆ ಕೆಲವೇ ಸೆಕೆಂಡಿನಲ್ಲಿ ಆರಿಹೋಗುವುದರಿಂದ ಬಹಳಷ್ಟು ಪೆನ್ನುಗಳು ಬದುಕಿದವು. ಪೆನ್ನಿಗೇ ಸಿಂಪಡಿಸಿ ಮುಚ್ಚಳ ಹಾಕಿಟ್ಟವರ ವಿಷಯ ಬೇರೆ: ತಿರುಪಿನ ಸಂದಿಗಿಳಿದ ದ್ರವ ಆರಲು ದಾರಿಯಿಲ್ಲದೆ ಬಿಗಿತ ಹೆಚ್ಚಿರುವ ಜಾಗದಲ್ಲೇ ಕೂತುಬಿಡುತ್ತದೆ. ಕೈಗೆ ಹಚ್ಚಿದ ಸೊಳ್ಳೆ ಓಡಿಸುವ ಕೆನೆ ಇದಕ್ಕಿಂತ ಕೆಟ್ಟದ್ದೆಂದು ಇಲ್ಲಿ ಹೇಳಿಬಿಡಬಹುದು. ಅದರಲ್ಲಿರುವ ಡೀಟ್ ಹಲವು ಪ್ಲಾಸ್ಟಿಕ್‌ಗಳನ್ನು ನಿಜವಾಗಿಯೇ ಕರಗಿಸುತ್ತದೆ, ಆರಿಯೂ ಹೋಗುವುದಿಲ್ಲ.

ತೊಳೆಯುವಾಗ

ಉಗುರುಬೆಚ್ಚನೆಯ ನೀರಿಗಿಂತಲೂ ಕಡಿಮೆ ಬಿಸಿಯ ಸಾದಾ ನೀರು, ಬೇಕಿದ್ದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಸಾಕಾಗದ ಪೆನ್ನುಗಳು ಕಡಿಮೆ. ಆಗಲೂ ಬಿಡದ ಮಸಿಗೆ ಮನೆಬಳಕೆಯ ಅಮೋನಿಯವನ್ನು ಹತ್ತು ಪಾಲು ನೀರಿನಲ್ಲಿ ತೆಳುಮಾಡಿ ಕೆಲವು ನಿಮಿಷ ಬಿಡುವುದು ರೂಢಿ. ಪಾಲಿಕಾರ್ಬನೇಟ್, ಕೇಸಿನ್, ಅಲ್ಯುಮಿನಿಯಮ್ ಇರುವ ಪೆನ್ನುಗಳನ್ನು ಇದರಿಂದ ಹೊರಗಿಡಬೇಕು. ಅರಗು ಸೇರಿದ ಚಿತ್ರಕಾರರ ಕಪ್ಪು ಮಸಿ ಒಣಗಿ ಕೂತಿದ್ದರೂ ಇದೇ ಮದ್ದು, ಅರಗು ಕ್ಷಾರಕ್ಕೂ ಬಿಡುತ್ತದೆ. ಆಲ್ಕೋಹಾಲ್ ನಿಜಕ್ಕೂ ಕೆಲಸಕ್ಕೆ ಬರುವುದು ಪೆನ್ನಿನಿಂದ ಹೊರತೆಗೆದ ಉಕ್ಕಿನ ಅಥವಾ ಚಿನ್ನದ ನಿಬ್ಬಿನ ಜಿಡ್ಡು ತೆಗೆಯಲು, ಮೈಮೇಲೆ ಬಿದ್ದ ಮಾರ್ಕರ್ ಗೆರೆ ಅಳಿಸಲು. ಎರಡನೆಯದಕ್ಕೂ ಬಟ್ಟೆಗೆ ಹನಿಸಿ, ಸಮತಟ್ಟಾದ ಜಾಗದಲ್ಲಿ ಮಾತ್ರ ಒರೆಸಿ, ಕೂಡಲೇ ನೀರಿನ ಬಟ್ಟೆಯಿಂದ ಮತ್ತೆ ಒರೆಸುವುದು ಮೇಲು. ಅದಕ್ಕೂ ಮುಂಚೆ ಮುಚ್ಚಳ ಬಿಚ್ಚಿ, ತಿರುಪು ಸಡಿಲಿಸಿ ಎಳೆತ ಇಳಿಸಬೇಕು. ಅಂಗಡಿಯಲ್ಲಿ ಸ್ಪಿರಿಟ್ ಕೇಳಿದಾಗ ಬಣ್ಣದಂಗಡಿಯ ಥಿನ್ನರ್ ಕೈಗೆ ಬಂದೀತು, ಅದರಲ್ಲಿ ಟಾಲುಈನ್, ಅಸಿಟೋನ್ ಏನು ಬೇಕಾದರೂ ಇರಬಹುದು. ವಿಷ ಬೆರೆಸಿ ಕುಡಿಯಲಾಗದಂತೆ ಮಾಡಿದ ಡಿನೇಚರ್ಡ್ ಸ್ಪಿರಿಟ್‌ನಲ್ಲಿ ಮೆಥನಾಲ್ ಇರುವ ಸಂಭವವೂ ಉಂಟು.

ಒಮ್ಮೆ ಎದ್ದ ಬೆಳ್ಳಿಗೆರೆಗಳನ್ನು ಉಜ್ಜಿ ಹೊಳಪು ಬರಿಸಿದರೆ ಮೇಲಿನವು ಮರೆಯಾಗುತ್ತವೆ, ಆಳದವು ಉಳಿಯುತ್ತವೆ. ಗಾಜಿನ ಸ್ಥಿತಿಯಿಂದ ಮೆದು ಸ್ಥಿತಿಗೆ ತಿರುಗುವ ಉಷ್ಣತೆ ದಾಟುವಂತೆ ಕಾಯಿಸಿದರೆ ಒಳಗಿನ ನಾರುಗಳು ಮತ್ತೆ ಒಂದಾಗಿ ಗೆರೆ ಮುಚ್ಚುವುದನ್ನು ಪ್ರಯೋಗಾಲಯದ ಅಕ್ರಿಲಿಕ್ ತುಂಡುಗಳಲ್ಲಿ ಕಂಡಿದ್ದಾರೆ. ಅಕ್ರಿಲಿಕ್‌ಗೆ ಆ ಉಷ್ಣತೆ ಸುಮಾರು 105 ಡಿಗ್ರಿ; ತಿರುಪು ಕೊರೆದ ಮುಚ್ಚಳ ಅಷ್ಟು ಹೊತ್ತಿಗೆ ತನ್ನ ಆಕಾರವನ್ನೇ ಬಿಟ್ಟಿರುತ್ತದೆ. ಬಾಯಿಬಿಟ್ಟ ಬಿರುಕಿಗೆ ಅದೇ ಪ್ಲಾಸ್ಟಿಕ್ಕನ್ನು ಕರಗಿಸುವ ದ್ರವವನ್ನು ಕೂದಲಿನಷ್ಟು ಸಣ್ಣ ಕುಂಚದಲ್ಲಿ ಇಳಿಬಿಟ್ಟು ಬೆಸೆಯುವುದು ರಿಪೇರಿಗಾರರ ದಾರಿ. ಸೆಲ್ಯುಲಾಯ್ಡ್‌ನಲ್ಲಿ ಈ ಬೆಸುಗೆ ಚೆನ್ನಾಗಿ ಕೂರುತ್ತದೆ, ಹಲವು ವಾರ ಒಣಗಿಸಿ ತಿಕ್ಕಿದರೆ ಗುರುತೂ ಸಿಗದು. ಎರಕದ ಪಾಲಿಸ್ಟೈರೀನ್ ಮುಚ್ಚಳದಲ್ಲಿ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಏಳುವುದು ಸಾಮಾನ್ಯವಾದ್ದರಿಂದ ಅಂಥದ್ದಕ್ಕೆ ಬೇರೆ ಮುಚ್ಚಳ ಹುಡುಕುತ್ತಾರೆ.